ಕುಣಿಯುವ ತತ್ತ್ವಪದ: ಹೊಸ ರಸಿಕರಿಗೊಂದು ಕೈಪಿಡಿ

ಬೆಂಗಳೂರಿನ ಕತ್ರಿಗುಪ್ಪೆಯ ನೀರಿನ ಟ್ಯಾಂಕಿನ ಸುತ್ತಣ ಬಡಾವಣೆಗಳಲ್ಲಿ ಸಂಗೀತಕ್ಕೆ ಕಿವಿಗೊಡುವ ಮನೆಗಳು ಕಡಮೆಯಲ್ಲ. ರಾಮನವಮಿಯ ಚಪ್ಪರದಲ್ಲಿ ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತ, ತನಿ ಆವರ್ತನದ ಮುಕ್ತಾಯವು ಎಲ್ಲಿ ಬಂದು ನಿಲ್ಲುವುದೆಂಬುದನ್ನು ಮೊದಲೇ ಊಹಿಸಬಲ್ಲ ಹಿರಿಯರೂ, ಸಿ. ಅಶ್ವತ್ಥ್ ಅವರ ಕಂಠದಲ್ಲಿ ಭಾವಗೀತೆಗಳನ್ನು ಕೇಳಿ ಬೆಳೆದ ಗೃಹಸ್ಥರೂ ಇಲ್ಲಿದ್ದಾರೆ. ಆದರೆ ಅದೇ ಮನೆಯ ಮಹಡಿಯ ಕೋಣೆಯಿಂದ ರಾಕ್ ಸಂಗೀತವು ಕೇಳಿಬಂದೊಡನೆಯೆ, ಇಷ್ಟೆಲ್ಲ ಸಂಸ್ಕಾರವುಳ್ಳ ಕಿವಿಗಳು ಅದನ್ನು ಗದ್ದಲವೆಂದು ಬಗೆದು ವಿಮುಖವಾಗುವುದುಂಟು. ಅಂಥ ರಸಿಕರನ್ನು ಉದ್ದೇಶಿಸಿಯೇ ಈ ಬರಹ. ಏಕೆಂದರೆ ಈ ಸಂಗೀತವನ್ನು ಸವಿಯಲು ಬೇಕಾದ ಸಿದ್ಧತೆಯಲ್ಲಿ ಮುಕ್ಕಾಲು ಪಾಲು ಅವರಲ್ಲಿ ಆಗಲೇ ಇದೆ.

ಅಭ್ಯಾಸಕ್ಕೆಂದು ನಾನು ಸೂಚಿಸುವುದು 2008ರಲ್ಲಿ ಹೊರಬಂದ 'ದ ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ತಂಡದ ಆಲ್ಬಮ್ಮನ್ನು. ಹಿಂದಿ, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳ ಹಾಡುಗಳು ಕೂಡಿರುವ ಈ ಸಂಪುಟದಲ್ಲಿ ಶಿಶುನಾಳ ಶರೀಫರ ಎರಡು ತತ್ತ್ವಪದಗಳಿವೆ: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಕ್ರಮವಾಗಿ ಅಭ್ಯಸಿಸಿ, ಆಮೇಲೆ ಗಿಟಾರನ್ನು ಕೈಗೆತ್ತಿಕೊಂಡ ರಘು ದೀಕ್ಷಿತರು ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಯೇರುತ್ತಾರೆ. ಆ ಗೆಜ್ಜೆಯನ್ನು ಕೇವಲ ವೇಷದ ಅಲಂಕಾರವೆಂದು ಭಾವಿಸತಕ್ಕದ್ದಲ್ಲ. ಹಾಡುವವನ ಕಂಠದಷ್ಟೇ ಅವನ ಪಾದವೂ ಈ ಸಂಗೀತದ ಮೂಲವೆಂಬುದನ್ನು ಅದು ಕಣ್ಣಿಗೆ ಕಾಣುವಂತೆ ಸಾರುತ್ತದೆ.

ಹಾಡನ್ನು ಕುಣಿತದ ಲಯದ ಮೇಲೆ ಕಟ್ಟುವ ಈ ಬಗೆಯ ಪ್ರಯೋಗದ ನಿಯಮವನ್ನು ತಿಳಿಯಲು ಸ್ಕಾಟ್ಲೆಂಡಿನ ಒಂದು ನಿದರ್ಶನವು ಉಪಯುಕ್ತವಾದೀತು. ಗ್ಲಾಸ್ಗೋ ನಗರದ 'ಪ್ರೈಮಲ್ ಸ್ಕ್ರೀಮ್' ಎಂಬ ತಂಡವು 1989ರ ತನ್ನ ಆಲ್ಬಮ್ಮಿನಲ್ಲಿ ವಿಷಾದಭರಿತವಾದೊಂದು ನಿಧಾನಗತಿಯ ಹಾಡನ್ನು ಹಾಡಿತ್ತು. ನರ್ತನದ ಕ್ಲಬ್ಬುಗಳಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸುತ್ತಿದ್ದ ಆ್ಯಂಡ್ರೂ ವೆದರಾಲ್ ಎಂಬಾತನು ಆ ಹಾಡಿನ ಸಾಹಿತ್ಯವನ್ನು ಬಹುಮಟ್ಟಿಗೆ ಕಳಚಿಹಾಕಿ, ಅದರ ಕೊಂಬುವಾದ್ಯಗಳನ್ನೂ ಗಿಟಾರಿನ ಎಳೆಗಳನ್ನೂ ಉಳಿಸಿಕೊಂಡು, ತಳದಲ್ಲಿ ಹೊಸದೊಂದು ನಡೆಯನ್ನು ಹಾಸಿದನು. 1990ರಲ್ಲಿ ಅದು 'ಲೋಡೆಡ್' ಎಂಬ ಹೆಸರಿನಿಂದ ಹೊರಬಂದಿತು; 1991ರಲ್ಲಿ 'ಸ್ಕ್ರೀಮಡೆಲಿಕಾ' ಎಂಬ ಆಲ್ಬಮ್ಮಿನಲ್ಲಿ ಸೇರಿಕೊಂಡಿತು; ಆ ಆಲ್ಬಮ್ಮಿಗೆ 1992ರಲ್ಲಿ ಬ್ರಿಟನ್ನಿನ ಮೊತ್ತಮೊದಲ ಮರ್ಕ್ಯುರಿ ಪ್ರಶಸ್ತಿಯು ಸಂದಿತು. ಕಂಠವನ್ನು ಶಿಖರದಲ್ಲಿಟ್ಟು ಲಯವನ್ನು ಅದರ ಸೇವೆಗೆ ನಿಲ್ಲಿಸುವ ವಾಡಿಕೆಯನ್ನು ಬಿಟ್ಟು, ಲಯವನ್ನೇ ನೆಲೆಯಾಗಿಸಿ ಉಳಿದೆಲ್ಲವನ್ನೂ ಅದರ ಮೇಲೆ ಕಟ್ಟುವುದು ಇಂಥ ನರ್ತನ-ರಾಕಿನ ಪದ್ಧತಿ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ದಾರಿ ಸುಗಮ.

ಇನ್ನು ರಘು ಅವರ ಈ ಹಾಡುಗಳನ್ನು ಕೇಳುವ ಕ್ರಮ. ಮೊದಲ ಸಲ ಕೇಳುವಾಗ ಸಾಹಿತ್ಯವನ್ನು ಹಿಂಬಾಲಿಸುವ ಹಂಬಲವನ್ನು ಬಿಟ್ಟು ಡ್ರಮ್ಮಿಗೆ ಮಾತ್ರ ಗಮನ ಕೊಡಬೇಕು. ರಾಕಿನ ಸಾಮಾನ್ಯವಾದ ನಡೆ ನಾಲ್ಕೆಣಿಕೆಯದು. ಆದಿತಾಳ ಬಲ್ಲವರಿಗೆ ಅದರ ಲೆಕ್ಕವು ಸ್ವಲ್ಪವೂ ಕಷ್ಟವಲ್ಲ. ವ್ಯತ್ಯಾಸವಿರುವುದು ಒತ್ತಿನಲ್ಲಿ. ಕಾಲಿನಿಂದ ತುಳಿದು ನುಡಿಸುವ ದೊಡ್ಡ ಡ್ರಮ್ಮು ಒಂದು ಮತ್ತು ಮೂರನೆಯ ಎಣಿಕೆಗಳನ್ನು ಗಂಭೀರವಾಗಿ ಸೂಚಿಸಿದರೆ, ಸ್ನೇರ್ ಎಂಬ ಚಿಕ್ಕ ಡ್ರಮ್ಮು ಎರಡು ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಚಟ್ಟನೆ ಸಿಡಿಯುತ್ತದೆ. ಸಮದ ಮೇಲೆ ಕೈಯಿಟ್ಟು ಅಭ್ಯಾಸವಾದವರು ಒಂದಿಷ್ಟು ಹೊತ್ತು ಎರಡು ಮತ್ತು ನಾಲ್ಕರ ಮೇಲೆ ಚಪ್ಪಾಳೆ ತಟ್ಟಿ ನೋಡಲಿ. ಮೈಯು ತಾನಾಗಿ ತೂಗತೊಡಗುವುದು ಆಗಲೇ. ತೂಗಿದರೆ ಸಂಕೋಚಪಡಬೇಕಾದ್ದಿಲ್ಲ. ತಲೆದೂಗುವುದನ್ನು ರಸಿಕತೆಯ ಲಕ್ಷಣವೆಂದು ಒಪ್ಪಿದ ನಾವು ಭುಜ ತೂಗುವುದನ್ನು ಅರಸಿಕತೆಯೆಂದು ತಳ್ಳಲು ಕಾರಣವಿಲ್ಲ.

ಎರಡನೆಯ ಸಲ ಬೇಸ್ ಗಿಟಾರನ್ನು ಅರಸಬೇಕು. ಹೋಳಿಗೆಯ ಹೂರಣದಂತೆ ಇದು ಹೊರಗೆ ಕಾಣುವುದಿಲ್ಲ, ಆದರೆ ರುಚಿಯೆಲ್ಲ ಇದರಲ್ಲಿಯೇ ಅಡಗಿರುತ್ತದೆ. ಡ್ರಮ್ಮಿನ ಲಯವನ್ನೂ ಹಾಡಿನ ಸ್ವರವನ್ನೂ ಬೆಸೆಯುವ ಕೆಲಸ ಇದರದು. ಮೊಬೈಲಿನ ಸಣ್ಣ ಸ್ಪೀಕರು ಈ ಮಂದ್ರನಾದವನ್ನು ಹೊರಡಿಸಲಾರದು. ರಾಕ್ ಎಂದರೆ ಬರಿಯ ಕರ್ಕಶಧ್ವನಿಯೆಂಬ ಅಭಿಪ್ರಾಯಕ್ಕೆ ಎಷ್ಟೋ ವೇಳೆ ಇದೇ ಕಾರಣ. ಒಳ್ಳೆಯ ಹೆಡ್‌ಫೋನನ್ನಾಗಲಿ ದೊಡ್ಡ ಸ್ಪೀಕರನ್ನಾಗಲಿ ಬಳಸುವುದು ಇಲ್ಲಿ ಅವಶ್ಯಕ.

ಮೂರನೆಯ ಸಲ ಗುಡುಗುಡಿಯ ಪದದ ಅರ್ಥಕ್ಕೆ ಬರಬೇಕು. ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ, 1889ರಲ್ಲಿ ದೇಹವನ್ನು ಬಿಟ್ಟ ಶರೀಫರು ಊರಕಟ್ಟೆಯ ಮೇಲಣ ಗುಡುಗುಡಿಯನ್ನೇ ಸಾಧನೆಯ ಉಪಕರಣವಾಗಿ ಕಂಡರು. ಅದರ ಬುರುಡೆ ಶರೀರವಾಯಿತು; ಸಂಚಿ ಮನಸ್ಸಾಯಿತು; ಸಂಚಿಯೊಳಗಿಂದ ತೆಗೆದು ಕೊಚ್ಚಬೇಕಾದ ಭಂಗಿಯು ಮೋಹವಾಯಿತು; ಅದನ್ನು ಸುಡುವ ಬೆಂಕಿ ಬುದ್ಧಿಯಾಯಿತು. ಅಮಲಿನ ವಸ್ತುವಿನಿಂದಲೇ ಅಮಲನ್ನು ಇಳಿಸುವ ಈ ಪದಕ್ಕೆ ಕುಣಿತದ ನಡೆಯನ್ನು ಹೊಂದಿಸಿದ್ದು ಎಷ್ಟು ಉಚಿತವೆಂಬುದು ಆಗ ಅರಿವಾಗುತ್ತದೆ: ಮೈ ಮರೆಸುವ ಲಯದೊಳಗೆ ಮೈಮರೆವೆಯನ್ನು ಕುರಿತ ಎಚ್ಚರಿಕೆಯಿದೆ. ತತ್ತ್ವಪದಗಳನ್ನು ಮೊದಲಿನಿಂದಲೂ ಏಕತಾರಿ, ದಮ್ಮಡಿ, ತಾಳಗಳೊಡನೆ ಹತ್ತಾರು ಜನ ಕೂಡಿ ಹಾಡಿಕೊಂಡು ಬಂದಿದ್ದಾರೆ. ಅವುಗಳಿಗೆ ಲಯದ ಆವೇಶವು ಹೊರಗಿನಿಂದ ಅಂಟಿದ ಸೋಂಕಲ್ಲ.

ಇಷ್ಟಾದ ಮೇಲೆ ತುಲನೆಯ ಅಭ್ಯಾಸ. ಸೋರುವ ಮಾಳಿಗೆಯ ಪದವು ಅಶ್ವತ್ಥ್ ಅವರ ಕಂಠದಲ್ಲಿ ಮನೆಮಾತಾದದ್ದು. 1990ರಲ್ಲಿ ತೆರೆಕಂಡ, ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತವೂ ಅಶ್ವತ್ಥ್ ಅವರದೇ. ಅಜ್ಞಾನದಿಂದ ಸೋರುತ್ತಿರುವ ಆ ಮನೆಯ ಹುಳುಕು ಜಂತಿಗಳ ಚಿತ್ರವನ್ನು ಅಶ್ವತ್ಥ್ ಮತ್ತು ರಘು ಅವರ ಎರಡೂ ಗಾಯನಗಳಲ್ಲಿ ಒಂದರ ಹಿಂದೊಂದು ಕೇಳಿ, ಭಾರವು ಎಲ್ಲಿ ಕಂಠದ ಮೇಲಿದೆ, ಎಲ್ಲಿ ವಾದ್ಯಗಳು ಅದನ್ನು ಹಂಚಿಕೊಂಡಿವೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಯಾವುದು ಮೇಲೆಂಬ ತೀರ್ಪನ್ನು ಅವಸರದಿಂದ ಕೊಡುವುದು ಬೇಡ. ಒಂದು ಪದವು ಎರಡು ದೇಹಗಳನ್ನು ಧರಿಸಬಲ್ಲುದೆಂಬ ಅರಿವೇ ಇಲ್ಲಿ ಲಾಭ.

ಹಾಗೆಂದು ವಿವೇಕವನ್ನು ಬಿಟ್ಟುಕೊಡಬೇಕಾದ್ದಿಲ್ಲ. ವಾದ್ಯಘೋಷದಲ್ಲಿ ಪದಚ್ಛೇದವು ಕೆಟ್ಟು ಅರ್ಥವು ಮುಳುಗಿಹೋದರೆ, ಪುನರಾವೃತ್ತಿಯು ಭಾವವನ್ನು ಬೆಳೆಸದೆ ಕಾಲವನ್ನು ಮಾತ್ರ ತುಂಬಿದರೆ, ಅದು ದೋಷವೇ ಸರಿ. ಪ್ರತಿ ಸಲ ಪಲ್ಲವಿಯು ಹಿಂದಿರುಗಿದಾಗಲೂ ಏನೋ ಒಂದು ವಾದ್ಯ ಕೂಡಿಕೊಂಡಿದೆಯೆ, ಬಿಟ್ಟುಹೋಗಿದೆಯೆ, ಒತ್ತು ಬದಲಾಗಿದೆಯೆ ಎಂದು ವಿಚಾರಿಸುವುದು ಒಳ್ಳೆಯ ಕೃತಿಯ ಒರೆಗಲ್ಲು. ಈ ಒರೆಗಲ್ಲನ್ನು ಹಿಡಿದು ರಘು ಅವರ ತಮ್ಮ ವಾಸು ದೀಕ್ಷಿತರು ಹಾಡುವ 'ಸ್ವರಾತ್ಮ' ತಂಡದ 2009ರ ಆಲ್ಬಮ್ಮಿಗೂ, ಅಲ್ಲಿಂದ ಗ್ಲಾಸ್ಗೋವಿನ ತಂಡಕ್ಕೂ ನಿರ್ಭಯವಾಗಿ ಹೋಗಬಹುದು.

ಕೊನೆಯದಾಗಿ, ಇಂಥ ಸಂಗೀತವನ್ನು ಒಮ್ಮೆಯಾದರೂ ಬಯಲಿನಲ್ಲಿ, ಜನರ ನಡುವೆ, ನಿಂತು ಕೇಳಬೇಕು. ಕುಳಿತು ಕೇಳುವವನಿಗೆ ಇದರ ಅರ್ಧಾಂಶ ಮಾತ್ರ ದಕ್ಕುತ್ತದೆ. ಕುಣಿತವು ಚಿಂತನೆಯ ಶತ್ರುವೆಂಬ ಭ್ರಮೆಯನ್ನು ಮನೆಯಲ್ಲಿಯೇ ಬಿಟ್ಟು, ಸಾಧ್ಯವಾದರೆ ಮಹಡಿಯ ಕೋಣೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ; ಲಯದ ಗುಟ್ಟನ್ನು ಅವರು ನಿಮಗೆ ಹೇಳಿಕೊಡಲಿ, ಶರೀಫರ ಅರ್ಥವನ್ನು ನೀವು ಅವರಿಗೆ ಬಿಡಿಸಿಹೇಳಿರಿ.