ಹತ್ತೊಂಬತ್ತರ ಹೊಸ್ತಿಲು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 2005ರಲ್ಲಿ ಒಂದು ವಯೋಮಿತಿ ಹಾಕಿತು. ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವ ವರ್ಷದಲ್ಲಿ ಆಟಗಾರನಿಗೆ 19 ತುಂಬಬೇಕು. ಅಮೆರಿಕದ ಹುಡುಗನಾದರೆ ಹೈಸ್ಕೂಲು, ಅಂದರೆ ನಮ್ಮ ಪಿಯುಸಿ ಮಟ್ಟದ ಓದು, ಮುಗಿದು ಒಂದು ವರ್ಷವಾದರೂ ಕಳೆದಿರಬೇಕು. ಆ ಒಂದು ವರ್ಷವನ್ನು ಹೆಚ್ಚಿನವರು ಕಾಲೇಜು ತಂಡದಲ್ಲಿ ಕಳೆದು, ಮರುವರ್ಷವೇ ಹೊರಬೀಳುತ್ತಾರೆ. ಅಲ್ಲಿನವರು ಇದನ್ನು ‘ಒನ್ ಅಂಡ್ ಡನ್’ ಎನ್ನುತ್ತಾರೆ. ಇಪ್ಪತ್ತು ವರ್ಷ ದಾಟಿದರೂ ನಿಯಮ ಉಳಿದುಕೊಂಡಿದೆ. ಅದರ ಜೊತೆಗೆ ‘ಓದು ಬಿಟ್ಟು ಆಟಕ್ಕೆ ಹೋಗಬೇಕೇ?’ ಎಂಬ ಚರ್ಚೆಯೂ ಉಳಿದಿದೆ. ಈ ಪ್ರಶ್ನೆ ಕೇಳಲು ಹಿತವಾಗಿದೆ, ಆದರೆ ದಾರಿ ತಪ್ಪಿಸುವಂಥದ್ದು. ಹದಿನೆಂಟರ ಹುಡುಗನ ಲೆಕ್ಕಾಚಾರ ತಪ್ಪಿದರೆ ನಷ್ಟ ಯಾರ ತಲೆಗೆ ಬರುತ್ತದೆ ಎಂದು ಕೇಳಿದರೆ ಮಾತ್ರ ಈ ವ್ಯವಸ್ಥೆ ಅರ್ಥವಾಗುತ್ತದೆ.

ಹಿಂದಿನ ಕತೆ ಸ್ವಲ್ಪ ನೋಡೋಣ. ಒಂದು ಕಾಲಕ್ಕೆ ಹೈಸ್ಕೂಲು ಮುಗಿದು ನಾಲ್ಕು ವರ್ಷ ಆಗುವವರೆಗೆ ಎನ್‌ಬಿಎ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದು ಬೆಳೆದ ಸ್ಪೆನ್ಸರ್ ಹೇವುಡ್ ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. 1971ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು, ಬಾಗಿಲು ತೆರೆಯಿತು. ಆದರೂ ಹೈಸ್ಕೂಲಿನಿಂದ ನೇರವಾಗಿ ಬಂದವರು ಬೆರಳೆಣಿಕೆಯಷ್ಟು ಮಂದಿ. 1995ರಲ್ಲಿ ಮಿನೆಸೋಟ ತಂಡ ಕೆವಿನ್ ಗಾರ್ನೆಟ್ ಅವರನ್ನು ಐದನೆಯವರಾಗಿ ಆರಿಸಿಕೊಂಡ ಮೇಲೆ ಚಿತ್ರ ಬದಲಾಯಿತು. ಮರುವರ್ಷ ಕೋಬಿ ಬ್ರಯಂಟ್, ಅದರ ಮರುವರ್ಷ ಟ್ರೇಸಿ ಮೆಕ್‌ಗ್ರೇಡಿ, 2003ರಲ್ಲಿ ಲೆಬ್ರಾನ್ ಜೇಮ್ಸ್ ಬಂದರು. 2005ರವರೆಗಿನ ಆ ಅವಧಿಯಲ್ಲಿ ಹೀಗೆ ಆಯ್ಕೆಯಾದವರು ಸುಮಾರು 40 ಮಂದಿ. ಗಾರ್ನೆಟ್, ಕೋಬಿ, ಲೆಬ್ರಾನ್ ಮೂವರೂ ಮುಂದೆ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು.

ಹಾಗಿದ್ದರೆ ಬಾಗಿಲು ಮತ್ತೆ ಮುಚ್ಚಿದ್ದೇಕೆ? ಉತ್ತರಕ್ಕೆ ಎಲ್ಲರೂ ಎತ್ತುವ ಹೆಸರು ಕ್ವಾಮೆ ಬ್ರೌನ್. ಮೈಕೆಲ್ ಜೋರ್ಡನ್ ಮುನ್ನಡೆಸುತ್ತಿದ್ದ ವಾಷಿಂಗ್ಟನ್ ವಿಝರ್ಡ್ಸ್ 2001ರಲ್ಲಿ ಈ ಜಾರ್ಜಿಯಾ ಹುಡುಗನನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. ಮೊದಲ ಆಯ್ಕೆಗೆ ತಕ್ಕ ಆಟ ಅವರಿಂದ ಬರಲೇ ಇಲ್ಲ. ಕಾಲೇಜು ತಪ್ಪಿಸಿದರೆ ಆಗುವ ಅನಾಹುತಕ್ಕೆ ಇದೇ ಸಾಕ್ಷಿ ಎಂದು ಇಂದಿಗೂ ಬರೆಯುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬ್ರೌನ್ 12 ಸೀಸನ್ ಆಡಿದರು, ಸಂಬಳವೆಂದು 6 ಕೋಟಿ ಡಾಲರಿಗೂ ಮೀರಿ ಪಡೆದರು. ಸೋತದ್ದು ಅವರನ್ನು ಆರಿಸಿದ ತಂಡ. ಪ್ರತಿಭೆ ಹುಡುಕುವ ಸ್ಕೌಟುಗಳ ಅಂದಾಜು ತಪ್ಪಿತು, ಮಾಲೀಕರ ದುಡ್ಡು ಹೋಯಿತು.

ನಿಜಕ್ಕೂ ಬೆಲೆ ತೆತ್ತವರು ಬೇರೆ. ಕೊರ್ಲಿಯೋನ್ ಯಂಗ್ ಅವರನ್ನು 1998ರಲ್ಲಿ ಡೆಟ್ರಾಯಿಟ್ ತಂಡ ಎರಡನೇ ಸುತ್ತಿನಲ್ಲಿ, 40ನೆಯವರಾಗಿ ಆರಿಸಿತು. ಅವರಿಗೆ ದಕ್ಕಿದ್ದು ಮೂರು ಪಂದ್ಯ. ನ್ಯೂಯಾರ್ಕಿನ ಲೆನಿ ಕುಕ್ ಹೈಸ್ಕೂಲಿನಲ್ಲಿದ್ದಾಗ ಲೆಬ್ರಾನ್‌ಗೆ ಸರಿಸಾಟಿ ಎನಿಸಿಕೊಂಡಿದ್ದವರು. 2002ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರ ಆರಂಭದ ವರ್ಷಗಳ ಸಂಬಳಕ್ಕೆ ಖಾತರಿಯಿದೆ, ಎರಡನೇ ಸುತ್ತಿನವರಿಗೆ ಅಂಥ ಕಟ್ಟುಪಾಡಿಲ್ಲ. ಇತ್ತ ಏಜೆಂಟನ್ನು ಹಿಡಿದು ಡ್ರಾಫ್ಟ್‌ಗೆ ಹೆಸರು ಕೊಟ್ಟ ಹುಡುಗನಿಗೆ ಕಾಲೇಜು ಕ್ರೀಡಾಸಂಸ್ಥೆ ಎನ್‌ಸಿಎಎ ಆಡುವ ಅರ್ಹತೆಯನ್ನೇ ಕಿತ್ತುಕೊಳ್ಳುತ್ತಿತ್ತು. ಮುಂದಿನ ಮೆಟ್ಟಿಲು ಸಿಗಲಿಲ್ಲ, ಹಿಂದಿನ ಮೆಟ್ಟಿಲೂ ಇಲ್ಲ. ಇವರನ್ನು ಕೆಡಿಸಿದ್ದು ಓದು ಬಿಟ್ಟದ್ದಲ್ಲ, ಹಿಂದಿರುಗುವ ದಾರಿ ಮುಚ್ಚಿದ್ದು.

2005ರ ನಿಯಮ ಈ ಗಾಯಕ್ಕೆ ಮದ್ದು ಹಚ್ಚಿತೇ? ಇಲ್ಲ. ಅದು ಕೊಟ್ಟದ್ದು ತಂಡಗಳಿಗೆ ಒಂದು ವರ್ಷದ ಪುಕ್ಕಟೆ ಪರೀಕ್ಷೆಯ ಅವಕಾಶ. ಹುಡುಗ ದೊಡ್ಡವರ ನಡುವೆ ಹೇಗೆ ಆಡುತ್ತಾನೆಂದು ಕಾಲೇಜಿನ ಖರ್ಚಿನಲ್ಲಿ ನೋಡಬಹುದು, ಆಮೇಲೆ ಆರಿಸಬಹುದು. ಆಗಿನ ಕಮಿಷನರ್ ಡೇವಿಡ್ ಸ್ಟರ್ನ್ ಇದು ವ್ಯವಹಾರದ ನಿಯಮ ಎಂದು ಮುಚ್ಚುಮರೆಯಿಲ್ಲದೆ ಹೇಳಿದವರು. ಆ ಪ್ರಾಮಾಣಿಕತೆ ಮೆಚ್ಚಬೇಕಾದ್ದೇ. ನಿಯಮಕ್ಕೆ ಒಪ್ಪಿಗೆಯಿತ್ತದ್ದು ಆಟಗಾರರ ಸಂಘ. ಆದರೆ ಸಂಘದ ಸದಸ್ಯರು ಆಗಲೇ ಒಳಗಿದ್ದವರು. ಹೊರಗೆ ನಿಂತ ಹದಿನೆಂಟರ ಹುಡುಗನಿಗೆ ಆ ಮಾತುಕತೆಯಲ್ಲಿ ಕುರ್ಚಿಯಿರಲಿಲ್ಲ.

ನಿಯಮದ ಪರ ಹೇಳಬಹುದಾದ ಗಟ್ಟಿ ಮಾತು ಇಲ್ಲವೆಂದಲ್ಲ. ಟಿಮ್ ಡಂಕನ್ ವೇಕ್ ಫಾರೆಸ್ಟ್‌ನಲ್ಲಿ ನಾಲ್ಕು ವರ್ಷ ಪೂರ್ತಿ ಓದಿ, ಆಡಿ, 1997ರಲ್ಲಿ ಮೊದಲ ಆಯ್ಕೆಯಾದರು. ಮಾಗಿದ ಆಟಗಾರನಾಗಿಯೇ ಲೀಗಿಗೆ ಬಂದರು. ಆಗಲೇ ಲೀಗಿನಲ್ಲಿ ಆಡುತ್ತಿದ್ದ ವಿನ್ಸ್ ಕಾರ್ಟರ್ 2001ರ ಮೇ ತಿಂಗಳಲ್ಲಿ ಪ್ಲೇಆಫ್‌ನ ನಿರ್ಣಾಯಕ ಏಳನೇ ಪಂದ್ಯದ ದಿನ ಬೆಳಿಗ್ಗೆಯೇ ನಾರ್ತ್ ಕ್ಯಾರೊಲಿನಾಕ್ಕೆ ಹೋಗಿ ಘಟಿಕೋತ್ಸವದಲ್ಲಿ ಪಾಲ್ಗೊಂಡು ಬಂದರು. ಪದವಿಗೆ ಇವರು ಕೊಟ್ಟ ಬೆಲೆ ನಿಜವಾದದ್ದು. ಆದರೆ ನಾಲ್ಕು ವರ್ಷದ ಓದಿನ ಗುಣವನ್ನು ಒಂದು ವರ್ಷದ ತೋರಿಕೆಗೆ ಅಂಟಿಸುವುದು ನ್ಯಾಯವಲ್ಲ. ಮೊದಲ ಸೆಮಿಸ್ಟರ್ ಪಾಸಾದರೆ ಸೀಸನ್ ಮುಗಿಸಲು ಅಡ್ಡಿಯಿಲ್ಲ. ಏಪ್ರಿಲ್ ಆರಂಭದಲ್ಲಿ ಕಾಲೇಜು ಟೂರ್ನಿ ಮುಗಿದ ಮೇಲೆ ತರಗತಿಯತ್ತ ತಲೆ ಹಾಕಲು ಕಾರಣವೂ ಇಲ್ಲ. 2015–16ರಲ್ಲಿ ಲೂಸಿಯಾನ ಸ್ಟೇಟ್ ಪರ ಆಡಿದ ಬೆನ್ ಸಿಮನ್ಸ್ ಓದಿನಲ್ಲಿ ಅಂಕ ಸಾಲದೆ, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ವುಡನ್ ಪ್ರಶಸ್ತಿಯ ಪರಿಗಣನೆಯಿಂದ ಹೊರಬಿದ್ದರು. ಅದೇ ವರ್ಷ ಜೂನ್‌ನಲ್ಲಿ ಡ್ರಾಫ್ಟ್‌ನ ಮೊದಲ ಆಯ್ಕೆ ಅವರೇ.

ಓದಿನ ಮಾತಿಗೆ ಕಾಲೇಜುಗಳೇ ಎಷ್ಟು ನಿಷ್ಠವಾಗಿದ್ದವು? ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ 18 ವರ್ಷ ನಡೆದ ಹೆಸರಿಗಷ್ಟೇ ಇದ್ದ ಕೋರ್ಸುಗಳ ಹಗರಣವನ್ನು 2014ರ ತನಿಖಾ ವರದಿ ಬಯಲಿಗೆಳೆಯಿತು. ಅದರಲ್ಲಿ ಲಾಭ ಪಡೆದ 3,100ರಷ್ಟು ವಿದ್ಯಾರ್ಥಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕ್ರೀಡಾಪಟುಗಳು. ಸಾಮಾನ್ಯ ವಿದ್ಯಾರ್ಥಿಗಳಿಗೂ ಆ ಕೋರ್ಸುಗಳು ತೆರೆದಿದ್ದವು ಎಂಬ ಕಾರಣಕ್ಕೆ ಎನ್‌ಸಿಎಎ 2017ರಲ್ಲಿ ವಿಶ್ವವಿದ್ಯಾಲಯವನ್ನು ಶಿಕ್ಷಿಸದೆ ಬಿಟ್ಟಿತು. ಓದು ಹಾಗಿರಲಿ, ಆಟದ ಅಪಾಯ ಹೊರುವವನೂ ಹುಡುಗನೇ. 2019ರ ಫೆಬ್ರುವರಿಯಲ್ಲಿ ಡ್ಯೂಕ್ ಕಾಲೇಜು ತಂಡದ ಝಯಾನ್ ವಿಲಿಯಮ್‌ಸನ್ ಪಂದ್ಯ ಶುರುವಾದ ಮೊದಲ ನಿಮಿಷದಲ್ಲೇ ಶೂ ಹರಿದು ಬಿದ್ದು ಮೊಣಕಾಲು ಉಳುಕಿಸಿಕೊಂಡರು. ಸಾವಿರಾರು ಡಾಲರಿಗೆ ಟಿಕೆಟ್ ಬಿಕರಿಯಾಗಿದ್ದ ಪಂದ್ಯವದು. ಜನರನ್ನು ಕರೆತಂದ ಆಟಗಾರನಿಗೆ ಸಂಬಳವಿರಲಿಲ್ಲ. ಕಾಲು ಮುರಿದಿದ್ದರೆ ನಷ್ಟ ಯಾರದೆಂದು ಹೇಳಬೇಕಿಲ್ಲ.

ಈ ಚರ್ಚೆ ನಮಗೆ ತೀರಾ ದೂರದ್ದೂ ಅಲ್ಲ. ಪಂಜಾಬಿನ ಹಳ್ಳಿಯಿಂದ 14ರ ವಯಸ್ಸಿನಲ್ಲಿ ಫ್ಲಾರಿಡಾದ ಅಕಾಡೆಮಿಗೆ ಹೋದ ಏಳು ಅಡಿ ಮೀರಿದ ಸತ್ನಾಮ್ ಸಿಂಗ್ ಭಮರಾ ಅವರನ್ನು 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ 52ನೆಯವರಾಗಿ ಆರಿಸಿತು. ಡ್ರಾಫ್ಟ್ ಆದ ಮೊದಲ ಭಾರತೀಯ ಎಂದು ನಾವೆಲ್ಲ ಬೀಗಿದೆವು. ವಯೋಮಿತಿ ಬಂದ ಮೇಲೆ ಕಾಲೇಜಾಗಲಿ ವೃತ್ತಿಪರ ಲೀಗಾಗಲಿ ಆಡದೆ ಆಯ್ಕೆಯಾದ ಮೊದಲಿಗರೂ ಅವರೇ ಎಂಬುದು ಆ ಸಂಭ್ರಮದಲ್ಲಿ ಹಿಂದೆ ಸರಿಯಿತು. ಎರಡನೇ ಸುತ್ತಿನ ಆಯ್ಕೆ, ಖಾತರಿಯಿಲ್ಲ. ಕೆಳಹಂತದ ಲೀಗಿನಲ್ಲಿ ಎರಡು ಸೀಸನ್ ಕಳೆದರು. ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಮುಂದೆ ವೃತ್ತಿಪರ ಕುಸ್ತಿಯ ಕಡೆ ನಡೆದರು. ಡ್ರಾಫ್ಟ್‌ನ ಸಂಭ್ರಮ ಒಂದು ರಾತ್ರಿಯದು, ಎಷ್ಟನೇ ಸುತ್ತು ಎಂಬುದು ಬದುಕಿನದು.

2021ರಿಂದ ಲೆಕ್ಕವೇ ತಿರುಗಿದೆ. ಆ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯವೊಂದು ಮೊದಲ ವರ್ಷದಲ್ಲಿ ಸುಮಾರು 2.05 ಕೋಟಿ ಡಾಲರಿನವರೆಗೆ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದು. ಹೈಸ್ಕೂಲು ಮುಗಿಸಿದವರಿಗೆ ಸಂಬಳ ಕೊಟ್ಟು ಆಡಿಸಲು ಎನ್‌ಬಿಎ 2020ರಲ್ಲಿ ಕಟ್ಟಿದ ‘ಇಗ್ನೈಟ್’ ತಂಡ 2024ರಲ್ಲಿ ಬಾಗಿಲು ಹಾಕಿತು. ಕಾಲೇಜೇ ಹಣ ಕೊಡುವಾಗ ಅದರ ಅಗತ್ಯವೇ ಬೀಳಲಿಲ್ಲ. ಮಹಿಳೆಯರ ಲೀಗಿನಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಅವರ ಮೊದಲ ವರ್ಷದ ಲೀಗ್ ಸಂಬಳ 76,535 ಡಾಲರ್. ಕಾಲೇಜಿನಲ್ಲಿದ್ದಾಗ ಜಾಹೀರಾತಿನಿಂದ ಬಂದದ್ದು ಅದರ ಎಷ್ಟೋ ಪಟ್ಟು. ಹುಡುಗರು ಇಂದು ಕಾಲೇಜಿನತ್ತ ವಾಲುತ್ತಿರುವುದು ಸರಸ್ವತಿಯ ಮೇಲಿನ ಭಕ್ತಿಯಿಂದಲ್ಲ, ಲಕ್ಷ್ಮಿ ಅಲ್ಲಿಗೆ ಮನೆ ಬದಲಾಯಿಸಿದ್ದರಿಂದ.

ಆದ್ದರಿಂದ ಮನೆಯವರು ಕೇಳಬೇಕಾದದ್ದು ಸರಳ. ಮೊದಲ ಸುತ್ತಿನ ಖಾತರಿ ಕಣ್ಣೆದುರಿಗಿದ್ದರೆ ಹೋಗಲಿ. ಪದವಿಯನ್ನು ಆಮೇಲೂ ಪಡೆಯಬಹುದು, 2009ರಲ್ಲಿ ಡೇವಿಡ್‌ಸನ್ ಕಾಲೇಜು ಬಿಟ್ಟ ಸ್ಟೆಫನ್ ಕರಿ 2022ರಲ್ಲಿ ಪದವಿ ಮುಗಿಸಿದರು. ಖಾತರಿ ಇಲ್ಲದಿದ್ದರೆ, ಹಣವನ್ನೂ ಕೊಡುವ ಕಾಲೇಜನ್ನು ಬಿಡುವುದು ಜಾಣತನವಲ್ಲ. 30 ತಂಡಗಳು, ತಲಾ 15 ಕಾಯಂ ಜಾಗ, ಒಟ್ಟು 450. ಅದಕ್ಕೆ ಇಡೀ ಪ್ರಪಂಚದ ಆಟಗಾರರು ಸಾಲುಗಟ್ಟಿದ್ದಾರೆ.

ಲೀಗಿನ ವಿಷಯಕ್ಕೆ ಬಂದರೆ, ವಯೋಮಿತಿ ಹೋಗಬೇಕು. ಅದರ ಜಾಗಕ್ಕೆ ಏನು ಬರಬೇಕೆಂದು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಅದೇ ದೇಶದ ಬೇಸ್‌ಬಾಲ್‌ನಲ್ಲಿ ಹೈಸ್ಕೂಲು ಮುಗಿಸಿದವರನ್ನು ತಂಡಗಳು ಡ್ರಾಫ್ಟ್ ಮಾಡುತ್ತವೆ. ಕೊಟ್ಟ ಹಣ ಒಪ್ಪಿಗೆಯಾಗದಿದ್ದರೆ ಹುಡುಗ ಸಹಿ ಹಾಕದೆ ಕಾಲೇಜಿಗೆ ಹೋಗಬಹುದು. ಸಹಿ ಹಾಕುವವನು ಮುಂದಿನ ಓದಿನ ಖರ್ಚನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ಎನ್‌ಸಿಎಎ 2018ರಲ್ಲಿ ಬ್ಯಾಸ್ಕೆಟ್‌ಬಾಲ್‌ಗೂ ಈ ದಿಕ್ಕಿನಲ್ಲಿ ಒಂದು ಕಿಂಡಿ ತೆರೆಯಿತು, ಅದೂ ಆಯ್ದ ಕೆಲವರಿಗೆ ಮಾತ್ರ. ಹದಿಹರೆಯದವನನ್ನು ಆರಿಸುವ ಲಾಭ ತಂಡದ್ದಾದರೆ, ಆಯ್ಕೆ ತಪ್ಪಿದಾಗ ಅವನ ಓದಿನ ಬಿಲ್ಲು ಕಟ್ಟುವ ಹೊಣೆಯೂ ಅದೇ ತಂಡದ್ದಾಗಲಿ. ಆಗ ಸ್ಕೌಟುಗಳು ತಾವಾಗಿಯೇ ಹುಷಾರಾಗುತ್ತಾರೆ. ಹುಡುಗರನ್ನು ಒಂದು ವರ್ಷ ಕಾಯಿಸಿ ಇಡುವ ನಿಯಮಕ್ಕೆ ಕೆಲಸವೇ ಉಳಿಯುವುದಿಲ್ಲ.