ಎಳೆಯ ನಕ್ಷತ್ರಗಳಿಗೆ ಹೆಸರಿಡುವ ಅವಸರ

ಮಿರಗ ಕೂಡಿತೆಂದು ಗದಗ, ಶಿರಹಟ್ಟಿ, ಮುಂಡರಗಿ ಕಡೆ ಕೂರಿಗೆಗಳು ಹೊಲಕ್ಕೆ ಹೊರಡುವ ಹೊತ್ತಿಗೆ ಸೂರ್ಯ ಮೃಗಶಿರೆಯ ದಿಕ್ಕಿನಲ್ಲಿರುತ್ತಾನೆ. ಅದರ ನೆರೆಯ ಎಫ್‌ಯು ಓರಿಯಾನಿಸ್ ಆಗ ಕೆಲವು ವಾರ ನೆಲದ ದೂರದರ್ಶಕಗಳಿಗೆ ಸಿಗುವುದಿಲ್ಲ. 1936–37ರಲ್ಲಿ ನೂರಾರು ಪಟ್ಟು ಬೆಳಗಿದ ಈ ಎಳೆಯ ನಕ್ಷತ್ರ ಇನ್ನೂ ಹಳೆಯ ಮಂಕಿಗೆ ಇಳಿದಿಲ್ಲ. ಸುತ್ತಲಿನ ಅನಿಲ, ದೂಳಿನ ತಟ್ಟೆಯಿಂದ ದ್ರವ್ಯ ಒಮ್ಮೆಲೇ ಹೇರಳವಾಗಿ ಅದರ ಮೇಲೆ ಸುರಿದದ್ದು ಇದಕ್ಕೆ ಕಾರಣ. ಇಎಕ್ಸ್ ಲೂಪಿ ಹಾಗಲ್ಲ. ಕೆಲವು ತಿಂಗಳು ಉರಿದು ತಣ್ಣಗಾಗುತ್ತದೆ, ವರ್ಷಗಳ ಮೇಲೆ ಮತ್ತೆ ಏಳುತ್ತದೆ. ಇವೆರಡನ್ನು ಮಾದರಿಯಾಗಿಟ್ಟು ಜಾರ್ಜ್ ಹರ್ಬಿಗ್ ಎರಡು ವರ್ಗ ಮಾಡಿದರು. ಹೊಸದಾಗಿ ಉಕ್ಕಿದ್ದನ್ನೆಲ್ಲ ಇವುಗಳಲ್ಲೊಂದಕ್ಕೆ ಸೇರಿಸುವ ರೂಢಿ ನಕ್ಷತ್ರದ ಗುಣಕ್ಕಿಂತ ನಾವು ನೋಡಿದ ಅವಧಿಯನ್ನೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ತಕರಾರು.

2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ಜೇ ಮೆಕ್‌ನೀಲ್ ಮೂರು ಇಂಚಿನ ದೂರದರ್ಶಕದಲ್ಲಿ ಹೊಸ ನೀಹಾರಿಕೆಯೊಂದನ್ನು ಗುರುತಿಸಿದರು. ಅದನ್ನು ಬೆಳಗಿಸಿದ್ದು ವಿ1647 ಓರಿಯಾನಿಸ್. ಎರಡು ವರ್ಷದಲ್ಲಿ ಅದು ಇಳಿಯಿತು, 2008ರಲ್ಲಿ ಮತ್ತೆ ಏರಿತು. ಹಳೆಯ ಫೋಟೋಗಳನ್ನು ಹುಡುಕಿದಾಗ 1966ರಲ್ಲೂ ಅದೇ ನೀಹಾರಿಕೆ ಬೆಳಗಿದ್ದು ಕಂಡಿತು. ಆ ಫೋಟೋ ಉಳಿಯದಿದ್ದರೆ 2004ರದೇ ಮೊದಲ ಉಕ್ಕು ಎಂದು ಬರೆದುಬಿಡುತ್ತಿದ್ದರು. ಇದಕ್ಕಿಂತ ಕಣ್ತೆರೆಸುವಂಥದ್ದು ವಿ899 ಮೊನೊಸೆರೊಟಿಸ್. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಗೋಳಭೌತ ಸಂಸ್ಥೆಯವರು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಇದೂ ಸೇರಿ ಹಲವು ದೂರದರ್ಶಕಗಳಿಂದ 2009ರಿಂದ ವರ್ಷಗಟ್ಟಲೆ ಬೆನ್ನುಬಿದ್ದು ನೋಡಿದಾಗ, ಆ ನಕ್ಷತ್ರ ಉಕ್ಕಿ, ವರ್ಷ ತುಂಬುವ ಮೊದಲೇ ಮುಗಿದ ಒಂದು ಬಿಡುವಿನ ನಂತರ ಮತ್ತೆ ಉಕ್ಕಿತು. ಬಿಡುವಿನಲ್ಲಷ್ಟೇ ನೋಡಿದ್ದರೆ ಆಟ ಮುಗಿಯಿತೆಂದೇ ಬರೆಯುತ್ತಿದ್ದರು.

ವರ್ಗೀಕರಣ ಅವಧಿಯೊಂದನ್ನೇ ನೆಚ್ಚಿಲ್ಲ, ವರ್ಣಪಟಲವೂ ಇದೆಯಲ್ಲ ಎನ್ನಬಹುದು. ಮೊದಲ ವರ್ಗದಲ್ಲಿ ಹೀರಿಕೆಯ ರೇಖೆಗಳು, ಎರಡನೆಯದರಲ್ಲಿ ಹೊಮ್ಮುವ ರೇಖೆಗಳು ಎದ್ದು ಕಾಣುತ್ತವೆ. ತೂಕದ ಮಾತೇ. ಆದರೆ ಮೇಲಿನ ಎರಡೂ ನಕ್ಷತ್ರಗಳಲ್ಲಿ ಈ ಲಕ್ಷಣಗಳು ಬೆರೆತುಕೊಂಡಿವೆ. ಮೇಲಾಗಿ ಬೆಳಕು ಏರಿದ್ದೆಲ್ಲ ದ್ರವ್ಯ ಸುರಿದದ್ದರಿಂದಲೇ ಅಲ್ಲ, ಮರೆಮಾಡಿದ ದೂಳು ಸರಿದರೂ ಏರುತ್ತದೆ. ಇದನ್ನು ಬೇರ್ಪಡಿಸಲು ಹಲವು ಬಣ್ಣಗಳಲ್ಲಿ, ದೀರ್ಘಕಾಲ ಅಳೆಯಬೇಕು. ಹಾಗಾಗಿ ಪಟ್ಟಿಗಳಲ್ಲಿ ವರ್ಗದ ಪಕ್ಕ ‘ಎಷ್ಟು ವರ್ಷ ನೋಡಿದ್ದೇವೆ’ ಎಂಬ ಅಂಕಣವೂ ಬರಲಿ. ಅದನ್ನು ತುಂಬಲು ದೊಡ್ಡ ದೂರದರ್ಶಕವೇ ಬೇಕೆಂದಿಲ್ಲ. ಎಫ್‌ಯು ಓರಿಯಾನಿಸ್ ಮೂರು ಇಂಚಿನದಕ್ಕೂ ಸಿಗುತ್ತದೆ. ಲಕ್ಷ್ಮೇಶ್ವರದ ಮಾಳಿಗೆಯ ಮೇಲಿಂದ ಚಳಿಗಾಲದಲ್ಲಿ ಅಳೆದ ಅಂಕಿಗಳನ್ನೂ ಚರನಕ್ಷತ್ರ ವೀಕ್ಷಕರ ಅಂತಾರಾಷ್ಟ್ರೀಯ ಸಂಘ ಎಎವಿಎಸ್‌ಒ ಸ್ವೀಕರಿಸುತ್ತದೆ. ಆಸಕ್ತರು ಕಳಿಸಲಿ.