ನಿವಾಸಿ ಅಂದರೆ ಯಾರು?

ಹೋದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆ ಎಂದಿನಂತೆ ಪಾರ್ಕಿನ ಮಂಟಪದಲ್ಲಿ ಸೇರಿತ್ತು. ಆರನೇ ಕ್ರಾಸಿನ ಮೋರಿ, ಕೆಟ್ಟುಹೋದ ಬೀದಿದೀಪ, ರಾಜ್ಯೋತ್ಸವದ ಚಂದಾ, ಬೀದಿನಾಯಿಗಳ ಕಾಟ ಇವೆಲ್ಲ ಮುಗಿದ ಮೇಲೆ ಕಾರ್ಯಸೂಚಿಯ ಕೊನೆಯ ವಿಷಯ ಬಂತು: ‘ಪಾರ್ಕಿನ ಗೇಟಿನ ಬಳಿಯ ಅತಿಕ್ರಮಣ.’ ಅತಿಕ್ರಮಣ ಎಂದು ಬರೆದದ್ದು ಎಳನೀರು ಮಾರುವ ಒಬ್ಬ ಹೆಂಗಸಿನ ತಳ್ಳುಗಾಡಿಯನ್ನು. ಮೋರಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೆವು. ಈ ವಿಷಯ ಐದು ನಿಮಿಷದಲ್ಲಿ ತೀರ್ಮಾನವಾಯಿತು. ‘ನಮಗೇನು ಆಯಮ್ಮನ ಮೇಲೆ ದ್ವೇಷ ಇದೆಯಾ ಸಾರ್? ಇವತ್ತು ಒಂದು ಗಾಡಿ, ನಾಳೆ ಹತ್ತಾಗುತ್ತೆ’ ಎಂದರು ಒಬ್ಬ ಹಿರಿಯರು. ತಲೆಗಳು ಆಡಿದವು. ನನ್ನದೂ ಆಡಿತು. ಅಷ್ಟು ಹೊತ್ತೂ ಮೂವತ್ತು ಹೆಜ್ಜೆ ಆಚೆ ಆಕೆ ಎಳನೀರು ಕೊಚ್ಚುತ್ತಿದ್ದ ಮಚ್ಚಿನ ಸದ್ದು ಮಂಟಪಕ್ಕೆ ಕೇಳಿಸುತ್ತಿತ್ತು. ಮೂರು ವಾರದ ಮೇಲೆ ಗಾಡಿ ಅಲ್ಲಿರಲಿಲ್ಲ.

ಆ ಸದ್ದು ನನ್ನ ತಲೆಯಿಂದ ಹೋಗಿಲ್ಲ. ಬೆಂಗಳೂರಿನ ನಿವಾಸಿಗಳ ಸಂಘಗಳು ಏನನ್ನು ಸಾಧಿಸಿವೆ, ಎಲ್ಲಿ ಎಡವಿವೆ ಎಂದು ಒಳಗಿದ್ದುಕೊಂಡೇ ತೂಗಿ ನೋಡಬೇಕು ಅನ್ನಿಸಿದ್ದು ಅದರಿಂದ.

ಮೊದಲು ಸಲ್ಲಬೇಕಾದ ಗೌರವ ಸಲ್ಲಲಿ. ಆರನೇ ಕ್ರಾಸಿನ ಮೋರಿ ಇವತ್ತು ಸರಾಗವಾಗಿ ಹರಿಯುತ್ತಿದ್ದರೆ ಅದಕ್ಕೆ ನಮ್ಮ ಸಂಘವೇ ಕಾರಣ. ಕೆಲಸದಿಂದ ನಿವೃತ್ತರಾದ ಮೂವರು ಮಳೆ ಬಂದಾಗಲೆಲ್ಲ ಕೊಡೆ ಹಿಡಿದು ಹೋಗಿ, ನೀರು ಯಾವ ಚಪ್ಪಡಿಯ ಕೆಳಗೆ ಕಟ್ಟಿಕೊಳ್ಳುತ್ತದೆ ಎಂದು ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆದರು. ವಾರ್ಡ್ ಕಚೇರಿಗೆ ಹನ್ನೊಂದು ಸಲ ಅಲೆದರು. ಅರ್ಜಿಯ ಪ್ರತಿ, ಸ್ವೀಕೃತಿಯ ಮೊಹರು, ಬಂದುಹೋದ ಎಂಜಿನಿಯರು ಹೇಳಿದ ಮಾತು, ಎಲ್ಲ ಒಂದು ಫೈಲಿನಲ್ಲಿವೆ. ಸಂಬಳವಿಲ್ಲದೆ, ಬೈಸಿಕೊಂಡು ಇಷ್ಟು ತಾಳ್ಮೆಯಿಂದ ಊರ ಕೆಲಸ ಮಾಡುವವರು ಕಡಿಮೆ.

ಇದೇ ತಾಳ್ಮೆ ನಗರದ ದೊಡ್ಡ ಸಂಕಟಗಳಲ್ಲೂ ಕೆಲಸಕ್ಕೆ ಬಂದಿದೆ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ಬೆಂಗಳೂರಿನ ರಸ್ತೆಗಳು ನಾರಿದವು. ಮಂಡೂರಿನ ಜನ ಪಟ್ಟು ಹಿಡಿದದ್ದರಿಂದ 2014ರ ಕೊನೆಗೆ ಅಲ್ಲಿಗೆ ಹೋಗುವ ಕಸದ ಲಾರಿಗಳೂ ನಿಂತವು. ಅಷ್ಟರವರೆಗೆ ನಮ್ಮ ಅಡುಗೆಮನೆಯ ಕೊಳೆ ಬೇರೆಯವರ ಬಾವಿಗೆ ಇಳಿಯುತ್ತಿತ್ತು, ನಮಗೆ ಅದರ ಪರಿವೆಯೇ ಇರಲಿಲ್ಲ. ಹಸಿ ಕಸ, ಒಣ ಕಸ, ತಿರಸ್ಕೃತ ಕಸ ಎಂದು ಮನೆಯಲ್ಲೇ ಬೇರೆ ಮಾಡಬೇಕೆಂಬ ‘ಎರಡು ಡಬ್ಬಿ, ಒಂದು ಚೀಲ’ದ ಕ್ರಮವನ್ನು ಹೈಕೋರ್ಟು 2015ರ ಡಿಸೆಂಬರಿನಲ್ಲಿ ಕಡ್ಡಾಯ ಮಾಡಿತು. ಆದೇಶ ಹೊರಟರೆ ಸಾಕೇ? ಅದನ್ನು ಮನೆಮನೆಗೆ ಮುಟ್ಟಿಸಿದವರು ಬಡಾವಣೆಗಳ ಸ್ವಯಂಸೇವಕರು, ಅವರಲ್ಲಿ ಹೆಂಗಸರೇ ಹೆಚ್ಚು. ಬೆಳಗಿನ ಆರೂವರೆಗೆ ಕಸದ ಆಟೋದ ಪಕ್ಕ ಕೈಗವಸು ತೊಟ್ಟು ನಿಂತು, ‘ಅಮ್ಮಾ, ಹಸಿ ಕಸದಲ್ಲಿ ಪ್ಲಾಸ್ಟಿಕ್ ಇದೆ, ತಗೊಂಡ್ಹೋಗಿ’ ಎಂದು ನೆರೆಯವರ ಡಬ್ಬಿಯನ್ನು ಹಿಂದಕ್ಕೆ ಕೊಡುವುದು ಸಣ್ಣ ಕೆಲಸವಲ್ಲ. ಒಂದೇ ಬೀದಿಯಲ್ಲಿ ಬಾಳುವವರಿಗೆ ಅದರ ಕಷ್ಟ ಗೊತ್ತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಕಟ್ಟಬೇಕೆಂದಿದ್ದ ಉಕ್ಕಿನ ಮೇಲ್ಸೇತುವೆಯ ಯೋಜನೆಯನ್ನು 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿದ್ದಕ್ಕೂ ಇಂಥ ನಾಗರಿಕರು ರಸ್ತೆಗಿಳಿದು ಕೈಕೈ ಹಿಡಿದು ನಿಂತದ್ದು ಒಂದು ಮುಖ್ಯ ಕಾರಣ.

ಮೆಚ್ಚುಗೆಯ ಮಾತು ಇಲ್ಲಿಗೆ ಸಾಕು. ಈಗ ಬೈಲಾ ತೆಗೆಯೋಣ.

ನಮ್ಮ ಸಂಘದ ಬೈಲಾದಲ್ಲಿ ಸದಸ್ಯತ್ವದ ಕಲಮು ಎರಡೇ ಸಾಲು. ಬಡಾವಣೆಯಲ್ಲಿ ಸ್ವಂತ ಸೈಟು ಅಥವಾ ಮನೆ ಉಳ್ಳವರು ಸದಸ್ಯರಾಗಬಹುದು, ಮಹಾಸಭೆಯಲ್ಲಿ ಮತ ಹಾಕಬಹುದು. ಸುತ್ತಮುತ್ತಲ ನಾಲ್ಕೈದು ಸಂಘಗಳ ಬೈಲಾ ಕೇಳಿ ನೋಡಿದೆ. ಪದಗಳು ಬೇರೆ, ಸಾರ ಅದೇ. ಹಾಗಾಗಿ ಅಮೆರಿಕದಲ್ಲಿ ನೆಲೆಸಿ ನಾಲ್ಕು ವರ್ಷಕ್ಕೊಮ್ಮೆ ಬೀಗ ತೆಗೆಯುವ ಮನೆ ಮಾಲೀಕರಿಗೆ ನಮ್ಮಲ್ಲಿ ಮತವಿದೆ. ಅವರ ಎದುರುಮನೆಯ ಮೊದಲ ಮಹಡಿಯಲ್ಲಿ ಹದಿನಾಲ್ಕು ವರ್ಷದಿಂದ ಬಾಡಿಗೆಗಿರುವ ಶಾಲಾ ಶಿಕ್ಷಕಿಗೆ ಇಲ್ಲ. ಅವರ ಇಬ್ಬರು ಮಕ್ಕಳು ಇದೇ ಪಾರ್ಕಿನಲ್ಲಿ ನಡೆಯಲು ಕಲಿತವರು. ಕಸದ ಆಟೋದ ಜೊತೆ ನಿಲ್ಲುವ ಸ್ವಯಂಸೇವಕರಲ್ಲಿ ಅವರೂ ಒಬ್ಬರು. ಹೆಸರಿನಲ್ಲಿ ‘ನಿವಾಸಿಗಳ’ ಸಂಘ, ನಡೆಯುವುದು ಮಾಲೀಕರ ಸಂಘ. ನನ್ನ ತಕರಾರಿನ ಬೇರು ಇಲ್ಲಿದೆ. ಮಿಕ್ಕ ದೋಷಗಳೆಲ್ಲ ಈ ಎರಡು ಸಾಲಿನಿಂದಲೇ ಹುಟ್ಟುತ್ತವೆ.

ಆಸ್ತಿ ಉಳ್ಳವರೇ ಕೂತು ಊರನ್ನು ನೋಡಿದರೆ ಊರು ಆಸ್ತಿಯ ಹಾಗೇ ಕಾಣುತ್ತದೆ. ಕಾಯಬೇಕು, ಬೇಲಿ ಹಾಕಬೇಕು, ಬೆಲೆ ಇಳಿಯದಂತೆ ನೋಡಿಕೊಳ್ಳಬೇಕು. ಸಾರ್ವಜನಿಕ ರಸ್ತೆಗೆ ರಾತ್ರಿ ಗೇಟು ಬೀಳುವುದು, ‘ಬ್ಯಾಚುಲರ್‌ಗಳಿಗೆ ಮನೆ ಕೊಡಬೇಡಿ’ ಎಂಬ ಸುತ್ತೋಲೆ ಹೊರಡುವುದು, ಮನೆಗೆಲಸದವರು ಹೊರಡುವಾಗ ಚೀಲ ಬಿಚ್ಚಿ ತೋರಿಸಬೇಕಾಗುವುದು ಹೀಗೆ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. ಅದೇ ರಾಜ್ಯದ ರಾಜಧಾನಿಯಲ್ಲಿ, ಮನೆಗೆಲಸದವರಿಗೆ ಬೇರೆ ಲಿಫ್ಟು ಎಂದು ಬೋರ್ಡು ಹಾಕಿದ ಅಪಾರ್ಟ್‌ಮೆಂಟುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮಗುವಿಗೆ ಅನ್ನ ಕಲಸಿ ತಿನ್ನಿಸುವ ಕೈ ಲಿಫ್ಟಿನ ಗುಂಡಿ ಒತ್ತಬಾರದು ಅನ್ನುವುದನ್ನು ಯಾವ ಕ್ಷೇಮಾಭಿವೃದ್ಧಿಯ ಲೆಕ್ಕಕ್ಕೆ ಬರೆಯುವುದು?

ಎಳನೀರಿನ ಗಾಡಿಯ ವಿಷಯಕ್ಕೇ ಬರುತ್ತೇನೆ. ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಗಳಲ್ಲಿ ಕನಿಷ್ಠ ಶೇಕಡಾ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ನಿವಾಸಿಗಳ ಸಂಘಗಳಿಗೂ ಅಲ್ಲಿ ಜಾಗ ಉಂಟು. ಅಂದರೆ ಆಕೆಯೂ ನಾವೂ ಒಂದೇ ಮೇಜಿನ ಸುತ್ತ ಕೂತು ಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿನವರೆಗೆ ನಿಲ್ಲಬೇಕು, ಬುರುಡೆಗಳನ್ನು ಯಾರು ಎತ್ತಬೇಕು ಎಂದು ಮಾತಾಡಿ ಮುಗಿಸಲಿ ಎಂಬುದು ಕಾನೂನಿನ ಆಶಯ. ನಮ್ಮ ಸಭೆಯಲ್ಲಿ ಈ ಕಾಯ್ದೆಯ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಅದನ್ನು ತೆಗೆದು ಓದಿದ್ದು ಗಾಡಿ ಹೋದ ಮೇಲೆ. ಮದ್ದೂರಿನಿಂದ ಬರುವ ಲೋಡಿಗೆ ನಸುಕಿನಲ್ಲೇ ಕಾದು ನಿಂತು, ಎಂಟಕ್ಕೆ ಪಾರ್ಕಿನ ಮುಂದಿರುತ್ತಿದ್ದ ಆಕೆ ನಮ್ಮ ಬಡಾವಣೆಯಲ್ಲಿ ದಿನಕ್ಕೆ ಆರು ಗಂಟೆ ಕಳೆಯುತ್ತಿದ್ದಳು. ನಾನು ಎಚ್ಚರವಾಗಿ ಅಷ್ಟು ಹೊತ್ತು ಇಲ್ಲಿ ಇರುವುದು ಭಾನುವಾರ ಮಾತ್ರ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. ನಮ್ಮ ಪಾಲಿಕೆಗಳ ಕಾಯ್ದೆ ಆ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿವಾಸಿಗಳ ಸಂಘಗಳಿಗೆ ಇಷ್ಟಿಷ್ಟು ಸ್ಥಾನ ಎಂದು ಹಂಚಿತ್ತು. ಆಸ್ತಿ ಉಳ್ಳವರೂ ಇಲ್ಲದವರೂ ಒಂದೇ ಚಾವಣಿಯ ಕೆಳಗೆ ವಾರ್ಡಿನ ದುಡ್ಡಿನ ಬಗ್ಗೆ ಮಾತಾಡಬಹುದಾದ ಒಂದೇ ಜಾಗ ಅದು. ಆ ಸಮಿತಿಗಳು ಬೆಂಗಳೂರಿನಲ್ಲಿ ಕೋರ್ಟು ಚಾಟಿ ಬೀಸಿದ ಮೇಲೆ ಕುಂಟುತ್ತಾ ನಡೆದವು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ ಮುಗಿಯಿತು. ಚುನಾವಣೆ ನಡೆಯದೆ ಐದು ವರ್ಷ ಉರುಳಿದವು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದಾಗಲೂ ಆಳ್ವಿಕೆ ಅಧಿಕಾರಿಗಳ ಕೈಯಲ್ಲೇ ಇತ್ತು.

ಕಾರ್ಪೊರೇಟರ್ ಇಲ್ಲದ ಆ ವರ್ಷಗಳಲ್ಲಿ ನಮ್ಮಂಥ ಸಂಘಗಳ ಮಾತಿಗೆ ಬೆಲೆ ಏರಿತು. ನಮ್ಮಲ್ಲಿ ನಿವೃತ್ತ ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ, ಎಂಜಿನಿಯರ ನಂಬರು ಫೋನಿನಲ್ಲಿದೆ. ನಮ್ಮ ಬಡಾವಣೆಯ ಬೆನ್ನಿಗೆ, ರಾಜಕಾಲುವೆಯ ಆಚೆ ದಂಡೆಯಲ್ಲಿ ಸುಮಾರು ಇನ್ನೂರು ಮನೆಗಳ ಒಂದು ಕೊಳೆಗೇರಿ ಇದೆ. ಅವರಿಗಿದ್ದ ಬಲ ಓಟು ಒಂದೇ. ನಲ್ಲಿಯಲ್ಲಿ ನೀರು ನಿಂತರೆ ನಾಲ್ಕು ಜನ ಹೋಗಿ ಕಾರ್ಪೊರೇಟರ ಮನೆಯ ಮುಂದೆ ಕೊಡ ಇಟ್ಟು ಕೂರುತ್ತಿದ್ದರು. ಕೂರಲು ಆ ಮನೆಯ ಬಾಗಿಲೇ ಇಲ್ಲದಂತಾಯಿತು. ಎಂಜಿನಿಯರು ನಮ್ಮ ಕಡೆಯ ಕಾಲುವೆಯ ಹೂಳೆತ್ತಿಸಿದರು. ಎತ್ತಿದ ಹೂಳು ವಾರಗಟ್ಟಲೆ ಆಚೆ ದಂಡೆಯಲ್ಲೇ ಬಿದ್ದಿತ್ತು. ಮುಂದಿನ ಸಭೆಯಲ್ಲಿ ಎಂಜಿನಿಯರಿಗೆ ಅಭಿನಂದನೆಯ ಠರಾವು ಪಾಸಾಯಿತು. ನಮ್ಮ ಸಂಘದ ಯಾರೂ ಕೆಟ್ಟವರಲ್ಲ, ಆಚೆ ದಂಡೆ ನಮ್ಮ ಕಾರ್ಯಸೂಚಿಯಲ್ಲಿ ಇರಲಿಲ್ಲ ಅಷ್ಟೆ. ಚುನಾಯಿತ ಕೌನ್ಸಿಲಿನ ಜಾಗದಲ್ಲಿ ಸಂಘಗಳು ಕೂರಬಾರದು ಎಂದು ನಾನು ಹೇಳುವುದು ಇದನ್ನು ಕಂಡೇ. ಸಂಘ ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ತನ್ನ ಚಂದಾದಾರರಿಗೆ ಮಾತ್ರ ಉತ್ತರ ಹೇಳಬೇಕಾದ ಸಂಸ್ಥೆ. ಓಟಿನ ಕೆಲಸವನ್ನು ಚಂದಾ ಮಾಡಲಾರದು.

ಬೇರೆ ರೀತಿ ನಡೆದುಕೊಳ್ಳಲು ಸಾಧ್ಯವೇ ಎಂದು ಕೇಳುವವರಿಗೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ತೋರಿಸುತ್ತೇನೆ. ಬತ್ತಿ, ಕೊಳಚೆ ಸೇರಿ ಹಾಳಾಗಿದ್ದ ಆ ಕೆರೆಗೆ ಸುತ್ತಲ ನಿವಾಸಿಗಳು ಪಾಲಿಕೆಯೊಡನೆ ಕೈಜೋಡಿಸಿ ಮತ್ತೆ ಜೀವ ತಂದರು. ಕೆರೆಗೆ ಕಲ್ಲು ಕಟ್ಟಿ, ಬೇಲಿ ಬಿಗಿದು, ವಾಕಿಂಗ್ ಮಾಡುವವರಿಗೆ ಮಾತ್ರ ಬಿಟ್ಟುಕೊಡುವುದು ಆಗ ನಗರದಲ್ಲಿ ರೂಢಿಯಾಗಿಬಿಟ್ಟಿತ್ತು. ಇಲ್ಲಿಯವರು ಕೆರೆಯನ್ನು ಮೊದಲಿಂದ ಬಳಸುತ್ತಿದ್ದವರು ಯಾರೆಂದು ವಿಚಾರಿಸಿದರು. ದನಕ್ಕೆ ಹುಲ್ಲು ಕೊಯ್ಯುವವರು ಬರುತ್ತಲೇ ಇರಲು ದಾರಿ ಉಳಿಯಿತು, ಮೀನು ಹಿಡಿಯುವುದು ನಿಲ್ಲಲಿಲ್ಲ, ಗಣೇಶನನ್ನು ಬಿಡಲು ಬೇರೆಯೇ ಕಲ್ಯಾಣಿಯಾಯಿತು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೂ ಕೆರೆ ಸಿಕ್ಕಿತು. ಎಲ್ಲ ಜಗಳ ಮುಗಿಯಿತು ಅಂತ ನಾನು ಹೇಳುವುದಿಲ್ಲ. ಆದರೆ ಹುಲ್ಲಿನ ಹೊರೆ ಹೊತ್ತ ಹೆಂಗಸು, ಓಟದ ಬೂಟು ತೊಟ್ಟ ಸಾಫ್ಟ್‌ವೇರ್ ಎಂಜಿನಿಯರ್ ಒಂದೇ ಏರಿಯ ಮೇಲೆ ನಡೆಯುವ ಕೆರೆ ಅದು. ಒಂದು ನೆರೆಹೊರೆ ತನ್ನ ಕೆಲಸವನ್ನು ಎಷ್ಟು ಅಗಲವಾಗಿ ಎಣಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಈ ನಗರದಲ್ಲಿ ಸಿಕ್ಕಿಲ್ಲ.

ನಮ್ಮ ಸಂಘದ ವಾರ್ಷಿಕ ಮಹಾಸಭೆ ಬರುವ ತಿಂಗಳಿದೆ. ಬಡಾವಣೆಯಲ್ಲಿ ಒಂದು ವರ್ಷ ಬಾಡಿಗೆಗಿದ್ದವರಿಗೂ ಸದಸ್ಯತ್ವ ಮತ್ತು ಮತ, ಇಲ್ಲಿ ದುಡಿಯುವವರ ವಿಷಯ ಬಂದಾಗ ಅವರನ್ನೇ ಕರೆದು ಕೇಳಿ ತೀರ್ಮಾನ, ಹೀಗೆ ಎರಡು ತಿದ್ದುಪಡಿ ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇನೆ. ಅನುಮೋದಿಸಿ ಸಹಿ ಹಾಕಿದವರಲ್ಲಿ ಮೋರಿಗಾಗಿ ಹನ್ನೊಂದು ಸಲ ಅಲೆದ ಹಿರಿಯರೊಬ್ಬರಿದ್ದಾರೆ. ನೀವೂ ನಿಮ್ಮ ಸಂಘದ ಬೈಲಾ ಕೇಳಿ ಪಡೆಯಿರಿ. ಸದಸ್ಯತ್ವದ ಕಲಮನ್ನು ಓದಿ, ನಿಮ್ಮ ಬೀದಿಯಲ್ಲಿ ಅದರ ಹೊರಗೆ ಉಳಿದವರು ಎಷ್ಟು ಜನ ಎಂದು ಎಣಿಸಿ, ಆ ಸಂಖ್ಯೆಯನ್ನು ಮುಂದಿನ ಸಭೆಯಲ್ಲಿ ಎದ್ದುನಿಂತು ಹೇಳಿ.